ಹರಾಜಿನಲ್ಲಿ ಹಿಂದೆ ಬಿದ್ದವನು ಆಟದಲ್ಲಿ ಹಿಂದೆ ಬಿದ್ದವನೇ?

ಸಂಕ್ರಾಂತಿ ಮುಗಿದ ವಾರ ನಮ್ಮ ಸರಸಂಬಾ ಸುತ್ತಲಿನ ಒಂದು ಊರಿನಲ್ಲಿ ಟೆನಿಸ್ ಬಾಲ್ ಟೂರ್ನಮೆಂಟಿಗೆ ಆಟಗಾರರ ಹರಾಜು ಇತ್ತು. ಊರಿನ ಹೆಸರು, ಟೂರ್ನಮೆಂಟಿನ ಹೆಸರು ಎರಡನ್ನೂ ಬರೆಯುವುದಿಲ್ಲ. ಯಾಕೆ ಎಂಬುದು ಮುಂದೆ ಓದಿದರೆ ಗೊತ್ತಾಗುತ್ತದೆ.

ಹನುಮಾನ ಗುಡಿ ಕಟ್ಟೆಯ ಮುಂದೆ ಶಾಮಿಯಾನ ಹಾಕಿದ್ದರು. ಮೈಕು, ಎರಡು ದೊಡ್ಡ ಡಬ್ಬಿ ಸ್ಪೀಕರ್. ಎಂಟು ಟೀಮು, ಎಂಟು ಮಂದಿ ಮಾಲೀಕರು. ಒಬ್ಬರದು ಗೊಬ್ಬರದ ಅಂಗಡಿ, ಒಬ್ಬರದು ಜೆಸಿಬಿ, ಇನ್ನೊಬ್ಬರು ಸಣ್ಣ ಗುತ್ತಿಗೆದಾರರು. ಒಂದೊಂದು ಟೀಮಿಗೆ 10 ಸಾವಿರ ಪಾಯಿಂಟು. ಆಟಗಾರನ ಮೂಲ ಬೆಲೆ 100 ಪಾಯಿಂಟು. ಸ್ಟೀಲ್ ಡಬ್ಬಿಯಿಂದ ಒಂದೊಂದೇ ಚೀಟಿ ಎತ್ತಿ ಹೆಸರು ಕೂಗುವುದು. ಐಪಿಎಲ್ ನೋಡಿ ಕಲಿತ ಪದ್ಧತಿ. ನಮ್ಮ ಭಾಗದಲ್ಲಿ ಈಗ ಇದು ಹೊಸದೇನಲ್ಲ.

ಮೂರನೇ ಚೀಟಿಗೆ ಒಬ್ಬ ಹುಡುಗನ ಹೆಸರು ಬಂತು. ಪಿಯುಸಿ ಎರಡನೇ ವರ್ಷ ಓದುತ್ತಾನೆ. ಓಪನಿಂಗ್ ಆಡುತ್ತಾನೆ, ವಿಕೆಟ್ ಕೀಪಿಂಗ್ ಮಾಡುತ್ತಾನೆ. ಹೋದ ವರ್ಷದ ಟೂರ್ನಮೆಂಟಿನಲ್ಲಿ ಸರಣಿಯ ಉತ್ತಮ ಆಟಗಾರ ಅವನೇ. ಎರಡು ಸಾವಿರ ಪಾಯಿಂಟು ದಾಟುವ ಮೊದಲ ಹುಡುಗ ಇವನೇ ಅಂತ ಅಲ್ಲಿ ಕುಂತ ಎಲ್ಲರೂ ಮಾತಾಡಿಕೊಂಡಿದ್ದರು.

ಮೈಕಿನಲ್ಲಿ ಹೆಸರು ಕೂಗಿದರು. ಯಾರೂ ಕೈ ಎತ್ತಲಿಲ್ಲ. ಮತ್ತೊಮ್ಮೆ ಕೂಗಿದರು. ಮಾಲೀಕರು ತಮ್ಮ ತಮ್ಮ ಹಾಳೆ ನೋಡುತ್ತಾ ಕುಂತರು. ಮೂರನೇ ಸಲ ಕೂಗಿ, “ಅನ್‌ಸೋಲ್ಡ್!” ಅಂದರು. ಹಿಂದಿನಿಂದ ಯಾರೋ ಸೀಟಿ ಹೊಡೆದರು. ಕೊನೆಗೆ ರಾತ್ರಿ ಒಂಬತ್ತರ ಹೊತ್ತಿಗೆ, ಹದಿನೈದನೇ ಆಟಗಾರ ಸಿಗದ ಒಂದು ಟೀಮು ಅವನನ್ನು 100 ಪಾಯಿಂಟಿಗೆ ತಗೊಂಡಿತು.

ನಾನು ಅಲ್ಲಿಗೆ ಸುದ್ದಿ ಮಾಡಲಿಕ್ಕೆ ಹೋಗಿದ್ದೆ. ಮೊಬೈಲಿನಲ್ಲೇ ನಾಲ್ಕು ಸಾಲು ಬರೆದು ಗ್ರೂಪಿಗೆ ಹಾಕಿದೆ. ಮೊದಲ ಸಾಲು ಹೀಗಿತ್ತು: “ಕಳೆದ ಸಲದ ಹೀರೋ, ಈ ಸಲ ಅನ್‌ಸೋಲ್ಡ್!” ಪಕ್ಕಕ್ಕೆ ನಗುವ ಮುಖದ ಚಿತ್ರ. ರಾತ್ರಿಯೊಳಗೆ ಅದು ಐದಾರು ಊರಿನ ಗ್ರೂಪು ಸುತ್ತಿತು. ಹುಡುಗರು ಸ್ಟೇಟಸ್ಸಿಗೆ ಇಟ್ಟುಕೊಂಡರು.

ಎರಡು ದಿನ ಬಿಟ್ಟು ಅವನ ತಾಯಿ ಕಿರಾಣಿ ಅಂಗಡಿ ಮುಂದೆ ಸಿಕ್ಕರು. ಸಿಟ್ಟು ಮಾಡಲಿಲ್ಲ. ಕೇಳಿದ್ದು ಇಷ್ಟೇ.

“ತಮ್ಮಾ, ನೀ ಪೇಪರಿನವ ಅದಿ. ಅನ್‌ಸೋಲ್ಡ್ ಅಂದ್ರ ಏನಪಾ? ನಮ್ಮ ಪೋರ ಎರಡು ದಿನದಿಂದ ಉಂಡಿಲ್ಲ. ಗ್ರೌಂಡಿಗೂ ಹೋಗಿಲ್ಲ. ಏನು ತಪ್ಪು ಮಾಡ್ಯಾನ?”

ನನಗೆ ಉತ್ತರ ಕೊಡಲಿಕ್ಕೆ ಆಗಲಿಲ್ಲ. ಈ ಲೇಖನ ಆ ಅಕ್ಕನಿಗೆ ಕೊಡಬೇಕಾಗಿದ್ದ ಉತ್ತರ.

ಮಾಲೀಕರನ್ನೇ ಕೇಳಿದೆ

ಮರುದಿನ ಚಹಾ ಹೋಟೆಲಿನಲ್ಲಿ ಕೂತು ಆರು ಮಂದಿ ಮಾಲೀಕರನ್ನು ಒಬ್ಬೊಬ್ಬರನ್ನಾಗಿ ಕೇಳಿದೆ. ಅವನನ್ನು ಯಾಕೆ ತಗೊಳ್ಳಲಿಲ್ಲ?

ಒಬ್ಬರು, “ನಮ್ಮ ಕಡೆ ಕೀಪರ್ ಮೊದಲೇ ಅದಾನ್ರಿ, ಇಬ್ಬರನ್ನ ಇಟಗೊಂಡು ಏನ್ ಮಾಡೋದು?” ಅಂದರು. ಇನ್ನೊಬ್ಬರದೂ ಅದೇ ಮಾತು. ಮೂರನೆಯವರು, “ಇನ್ನೂ ಮೂರನೇ ಚೀಟಿ ಇತ್ತು. ಮುಂದ ಒಳ್ಳೆ ಬೌಲರ್ ಬರ್ತಾನಂತ ಪಾಯಿಂಟು ಹಿಡಕೊಂಡು ಕುಂತಿದ್ದೆ” ಅಂದರು. ನಾಲ್ಕನೆಯವರಿಗೆ ಅವನ ಮೊಣಕಾಲು ನೋವಿನ ಸುದ್ದಿ ಯಾರೋ ಹೇಳಿದ್ದರು. ಐದನೆಯವರಿಗೆ, ಅವನು ಟೂರ್ನಮೆಂಟ್ ನಡುವೆಯೇ ಪುಣೆಗೆ ಕೆಲಸಕ್ಕೆ ಹೋಗುತ್ತಾನೆ ಅಂತ ಕಿವಿಗೆ ಬಿದ್ದಿತ್ತು. ಆರನೆಯವರು, “ಹೋದ ವರ್ಷ ಅಂಪೈರ್ ಜೊತಿ ಎದುರು ಮಾತಾಡ್ಯಾನ್ರಿ. ಅಂಥವ ಟೀಮಿನ್ಯಾಗ ಬ್ಯಾಡ” ಅಂದರು.

ಆರು ಮಂದಿ, ಐದು ಕಾರಣ. ಹುಡುಗನಿಗೆ ಆಡಲಿಕ್ಕೆ ಬರುವುದಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ಮೊಣಕಾಲಿನ ಮಾತು ಎರಡು ವರ್ಷ ಹಿಂದಿನದು. ಪುಣೆಗೆ ಹೋಗುವವನು ಅವನ ಅಣ್ಣ. ಇದನ್ನು ಯಾರೂ ಅವನನ್ನೇ ಕರೆದು ಕೇಳಿರಲಿಲ್ಲ.

ಈ ಐದೂ ಕಾರಣಗಳು ಕೋಟಿಗಟ್ಟಲೆ ರೊಕ್ಕದ ದೊಡ್ಡ ಹರಾಜಿನಲ್ಲೂ ಇರುತ್ತವೆ. ಅಲ್ಲಿ ಕಂಪ್ಯೂಟರ್ ಇರುತ್ತದೆ, ಕೋಚ್‌ಗಳು ಇರುತ್ತಾರೆ, ವರ್ಷವಿಡೀ ಆಟಗಾರರನ್ನು ನೋಡಿಕೊಂಡು ಬರುವವರು ಇರುತ್ತಾರೆ. ಆದರೂ ಒಳ್ಳೆಯ ಆಟಗಾರರು ಹಿಂದೆ ಬೀಳುತ್ತಾರೆ. ನಮ್ಮ ಕರ್ನಾಟಕದವರದ್ದೇ ನಾಲ್ಕೈದು ಉದಾಹರಣೆ ನೋಡೋಣ.

ಒಂದೇ ದಿನ: ಪರ್ತ್‌ನಲ್ಲಿ ಆಟ, ಜೆಡ್ಡಾದಲ್ಲಿ ಅನ್‌ಸೋಲ್ಡ್

2024ರ ನವೆಂಬರ್ 24, ಭಾನುವಾರ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಭಾರತದ ಟೆಸ್ಟ್ ಪಂದ್ಯದ ಮೂರನೇ ದಿನ. ಮೂರನೇ ಕ್ರಮಾಂಕದಲ್ಲಿ ನಮ್ಮ ದೇವದತ್ತ ಪಡಿಕ್ಕಲ್ ಆಡಿ 25 ರನ್ ಮಾಡಿದರು. ಅದೇ ದಿನ ಸೌದಿ ಅರೇಬಿಯಾದ ಜೆಡ್ಡಾದಲ್ಲಿ ಐಪಿಎಲ್ ದೊಡ್ಡ ಹರಾಜು ಶುರುವಾಯಿತು. ಪಡಿಕ್ಕಲ್ ಹೆಸರು ಕೂಗಿದರು. ಮೂಲ ಬೆಲೆ 2 ಕೋಟಿ. ಹತ್ತು ತಂಡಗಳಲ್ಲಿ ಒಂದೂ ಕೈ ಎತ್ತಲಿಲ್ಲ.

ದೇಶಕ್ಕೆ ಆಡುತ್ತಿರುವ ಹುಡುಗ ಅದೇ ದಿನ ಯಾರಿಗೂ ಬೇಡವಾದದ್ದು ಹೇಗೆ?

ಕಾರಣ ಹುಡುಕುವುದು ಕಷ್ಟವಲ್ಲ. 2020ರಲ್ಲಿ ಆರ್‌ಸಿಬಿಗೆ 473 ರನ್ ಹೊಡೆದಿದ್ದ ಪಡಿಕ್ಕಲ್ ಅವರನ್ನು 2022ರಲ್ಲಿ ರಾಜಸ್ಥಾನ 7.75 ಕೋಟಿಗೆ ಕೊಂಡಿತ್ತು. ಆಮೇಲೆ ಲಕ್ನೋಗೆ ಹೋದರು. 2024ರಲ್ಲಿ ಅಲ್ಲಿ ಏಳು ಪಂದ್ಯದಲ್ಲಿ ಮಾಡಿದ್ದು 38 ರನ್ ಮಾತ್ರ. ಹರಾಜಿಗೆ ಕುಂತವರ ತಲೆಯಲ್ಲಿ ಕೊನೆಯ ವರ್ಷದ ಲೆಕ್ಕವೇ ದೊಡ್ಡದಾಗಿ ಕಾಣುತ್ತದೆ. ಟೆಸ್ಟ್ ಆಟ ಬೇರೆ, ಇಪ್ಪತ್ತು ಓವರ್ ಆಟ ಬೇರೆ ಎಂಬ ಲೆಕ್ಕವೂ ಇರುತ್ತದೆ. ಜೊತೆಗೆ ಹರಾಜಿನ ಆರಂಭದಲ್ಲಿ ಎಲ್ಲರೂ ದೊಡ್ಡ ಹೆಸರಿಗಾಗಿ ರೊಕ್ಕ ಬಿಗಿಹಿಡಿದು ಕುಂತಿರುತ್ತಾರೆ.

ಮರುದಿನ, ಉಳಿದವರ ಹೆಸರನ್ನು ಬೇಗ ಬೇಗ ಕೂಗುವ ಸುತ್ತಿನಲ್ಲಿ, ಆರ್‌ಸಿಬಿ ಅದೇ 2 ಕೋಟಿಗೆ ಅವರನ್ನು ತಗೊಂಡಿತು. ಮುಂದೆ ಏನಾಯಿತು? 2025ರಲ್ಲಿ ಮೂರನೇ ಕ್ರಮಾಂಕದಲ್ಲಿ ಮೊದಲಿಗಿಂತ ವೇಗವಾಗಿ ಆಡಿ 10 ಪಂದ್ಯದಲ್ಲಿ 247 ರನ್ ಮಾಡಿದರು. ಅಷ್ಟರಲ್ಲಿ ತೊಡೆಯ ಸ್ನಾಯು ಎಳೆದು ಹೊರಗೆ ಕೂರಬೇಕಾಯಿತು.

ಅವರ ಜಾಗಕ್ಕೆ ಬಂದವರು ಯಾರು? ಮಯಾಂಕ್ ಅಗರ್ವಾಲ್. ಅವರೂ ಕರ್ನಾಟಕದವರೇ. 2022ರ ಡಿಸೆಂಬರ್ ಹರಾಜಿನಲ್ಲಿ ಹೈದರಾಬಾದ್ ಅವರಿಗೆ 8.25 ಕೋಟಿ ಕೊಟ್ಟಿತ್ತು. ಜೆಡ್ಡಾದಲ್ಲಿ ಒಂದು ರೂಪಾಯಿಯನ್ನೂ ಯಾರೂ ಕೊಡಲಿಲ್ಲ. ಆರು ತಿಂಗಳು ಬಿಟ್ಟು ಆರ್‌ಸಿಬಿ 1 ಕೋಟಿ ಕೊಟ್ಟು ಕರೆಯಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಎತ್ತಿದಾಗ, ಯಾರಿಗೂ ಬೇಡವಾಗಿದ್ದ ಮಯಾಂಕ್ ಆ ಹನ್ನೊಂದು ಮಂದಿಯಲ್ಲಿ ಒಬ್ಬರಾಗಿ ಆಡಿದ್ದರು.

ಬೇಕಾದಾಗ ಬೆಲೆ, ಬೇಡವಾದಾಗ ಇಳಿಕೆ

ಇದರ ಇನ್ನೊಂದು ಮಗ್ಗಲು ಕೃಷ್ಣಪ್ಪ ಗೌತಮ್ ಕತೆ. 2021ರ ಹರಾಜಿನಲ್ಲಿ ಅವರ ಮೂಲ ಬೆಲೆ 20 ಲಕ್ಷ. ಚೆನ್ನೈ ತಂಡಕ್ಕೆ ಆಫ್ ಸ್ಪಿನ್ ಹಾಕಿ ಬ್ಯಾಟೂ ಬೀಸುವವನೊಬ್ಬ ಬೇಕಿತ್ತು. ಬೇರೆ ತಂಡಗಳೂ ಹಠಕ್ಕೆ ಬಿದ್ದವು. ಬೆಲೆ 9.25 ಕೋಟಿಗೆ ಹೋಗಿ ನಿಂತಿತು. ಆವರೆಗೆ ಭಾರತ ತಂಡಕ್ಕೆ ಆಡದ ಒಬ್ಬ ಆಟಗಾರನಿಗೆ ಅಷ್ಟು ಬೆಲೆ ಬಂದದ್ದೇ ಇರಲಿಲ್ಲ. ಆ ವರ್ಷ ಅವರಿಗೆ ಒಂದು ಪಂದ್ಯವೂ ಸಿಗಲಿಲ್ಲ. ಮುಂದಿನ ವರ್ಷ ಲಕ್ನೋ ಅವರನ್ನು 90 ಲಕ್ಷಕ್ಕೆ ಕೊಂಡಿತು.

ಒಂದು ವರ್ಷದಲ್ಲಿ ಒಬ್ಬ ಮನುಷ್ಯನ ಬೌಲಿಂಗ್ ಹತ್ತು ಪಾಲಿನಲ್ಲಿ ಒಂಬತ್ತು ಪಾಲು ಕೆಡುತ್ತದೆಯೇ? ಇಲ್ಲ. 2021ರಲ್ಲಿ ಎರಡು ಮೂರು ತಂಡಕ್ಕೆ ಒಟ್ಟಿಗೆ ಅಂಥವನು ಬೇಕಿದ್ದ. ಮರುವರ್ಷ ಅಷ್ಟು ಮಂದಿಗೆ ಬೇಕಿರಲಿಲ್ಲ.

ಇದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ. ನಾವು ತೊಗರಿ ಬೆಳೆಯುವ ಮಂದಿ. 2024ರಲ್ಲಿ ಕ್ವಿಂಟಲ್ಲಿಗೆ 10 ಸಾವಿರ ದಾಟಿದ್ದ ತೊಗರಿ 2025ರ ಆರಂಭದ ಹೊತ್ತಿಗೆ 7,550 ರೂಪಾಯಿ ಬೆಂಬಲ ಬೆಲೆಯ ಆಸುಪಾಸಿಗೆ ಇಳಿದಿತ್ತು. ಅದೇ ಹೊಲ, ಅದೇ ಬೀಜ, ಅದೇ ಕೈ. ಮಾರುಕಟ್ಟೆಗೆ ಆವಕ ಎಷ್ಟು ಬಂತು, ಹೊರದೇಶದಿಂದ ಎಷ್ಟು ಬಂತು, ಆ ದಿನ ಖರೀದಿದಾರರ ಕೈಯಲ್ಲಿ ಎಷ್ಟು ರೊಕ್ಕ ಇತ್ತು ಅನ್ನುವುದರ ಮೇಲೆ ದರ ನಿಂತಿತ್ತು. ಮಧ್ಯಾಹ್ನ ಎಪಿಎಂಸಿಯಲ್ಲಿ ದರ ಬಿದ್ದರೆ, “ನಮ್ಮ ತೊಗರಿ ಕೆಟ್ಟದ್ದು” ಅಂತ ಯಾವ ರೈತನೂ ಮನೆಗೆ ಬಂದು ಊಟ ಬಿಡುವುದಿಲ್ಲ. ದರಕ್ಕೆ ಬೈಯುತ್ತಾನೆ, ಕಾಳಿಗೆ ಬೈಯುವುದಿಲ್ಲ. ಮಕ್ಕಳ ವಿಷಯಕ್ಕೆ ಬಂದಾಗ ಮಾತ್ರ ಈ ತಿಳಿವಳಿಕೆ ಯಾಕೋ ಮರೆತುಹೋಗುತ್ತದೆ.

ಅಮೆರಿಕದ ಒಂದು ಫೋನ್ ಕರೆ

ಅಮೆರಿಕದಲ್ಲಿ ಫುಟ್‌ಬಾಲ್ ಅಂದರೆ ನಾವು ನೋಡುವ ಕಾಲ್ಚೆಂಡಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡು ಹಿಡಿದು ಓಡುವ, ಎಸೆಯುವ ಆಟ. ಅದರಲ್ಲಿ ಚೆಂಡನ್ನು ಯಾರಿಗೆ ಎಸೆಯಬೇಕು ಅಂತ ನಿರ್ಧರಿಸಿ ತಂಡವನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಅನ್ನುತ್ತಾರೆ. ತಂಡದಲ್ಲಿ ಅವನದೇ ದೊಡ್ಡ ಜಾಗ. ಅಲ್ಲಿ ರೊಕ್ಕದ ಹರಾಜಿಲ್ಲ. 32 ತಂಡಗಳು ಸರದಿಯಂತೆ ಏಳು ಸುತ್ತು ಹುಡುಗರನ್ನು ಆರಿಸುತ್ತವೆ. ಹೋದ ವರ್ಷ ಕೊನೆಗೆ ಬಿದ್ದ ತಂಡಕ್ಕೆ ಮೊದಲ ಸರದಿ. ಇದಕ್ಕೆ ಡ್ರಾಫ್ಟ್ ಅನ್ನುತ್ತಾರೆ.

2025ರ ಏಪ್ರಿಲ್‌ನಲ್ಲಿ ಶೆಡೂರ್ ಸ್ಯಾಂಡರ್ಸ್ ಎಂಬ ಕ್ವಾರ್ಟರ್‌ಬ್ಯಾಕ್ ಮೊದಲ ಸುತ್ತಿನಲ್ಲೇ ಹೋಗುತ್ತಾನೆ ಅಂತ ಬಹಳ ಮಂದಿ ಹೇಳಿದ್ದರು. ಅವನ ತಂದೆ ಡಿಯಾನ್ ಸ್ಯಾಂಡರ್ಸ್ ಆ ಆಟದ ದೊಡ್ಡ ಹೆಸರು, ಕಾಲೇಜಿನಲ್ಲಿ ಅವನ ಕೋಚ್ ಕೂಡ. ಮೊದಲ ದಿನ ಹೋಯಿತು, ಎರಡನೇ ದಿನ ಹೋಯಿತು. ಅವನ ಕಣ್ಣ ಮುಂದೆ ಬೇರೆ ಐದು ಕ್ವಾರ್ಟರ್‌ಬ್ಯಾಕ್‌ಗಳನ್ನು ಆರಿಸಿದರು. ಕೊನೆಗೆ ಮೂರನೇ ದಿನ, ಐದನೇ ಸುತ್ತಿನಲ್ಲಿ, 144ನೆಯವನಾಗಿ ಕ್ಲೀವ್‌ಲ್ಯಾಂಡ್ ತಂಡ ಅವನನ್ನು ತಗೊಂಡಿತು.

ಕಾರಣಗಳು ನಮ್ಮ ಚಹಾ ಹೋಟೆಲಿನವೇ. ಮೈದಾನದಲ್ಲಿ ಒಂದು ಹೊತ್ತಿಗೆ ಒಬ್ಬನೇ ಕ್ವಾರ್ಟರ್‌ಬ್ಯಾಕ್ ಆಡುವುದು. ಈಗಾಗಲೇ ಒಬ್ಬ ಇರುವ ತಂಡಕ್ಕೆ ಇನ್ನೊಬ್ಬನ ಅವಸರ ಇಲ್ಲ. ನಮ್ಮ ಊರಿನ ಕೀಪರ್ ಲೆಕ್ಕವೇ ಇದು. ಜೊತೆಗೆ, ಆ ಹುಡುಗನಿಗೆ ಸೊಕ್ಕು, ಸಂದರ್ಶನದಲ್ಲಿ ಸರಿಯಾಗಿ ನಡೆದುಕೊಳ್ಳಲಿಲ್ಲ ಅಂತ ಹೆಸರು ಹೇಳದ ಮಂದಿಯ ಮಾತುಗಳು ಪತ್ರಿಕೆಗಳಲ್ಲಿ ಬಂದವು. ತಂದೆಯ ಹೆಸರೂ ಒಮ್ಮೊಮ್ಮೆ ಹೊರೆ ಆಗುತ್ತದೆ. ಇವನನ್ನು ತಂದರೆ ದಿನಾ ಟಿವಿಯವರು ಬಾಗಿಲಿಗೆ ಬರುತ್ತಾರೆ ಎಂಬ ಅಂಜಿಕೆ.

ಇನ್ನೊಂದು ಘಟನೆ ನನ್ನನ್ನು ಹೆಚ್ಚು ಕಾಡಿತು. ಅವನು ಹೆಸರು ಬರುವುದನ್ನು ಕಾಯುತ್ತಾ ಕುಂತಿದ್ದಾಗ ಒಂದು ಫೋನ್ ಬಂತು. ತಂಡದವರು ಅಂತ ಹೇಳಿ ಮಾತಾಡಿದ್ದು ಚೇಷ್ಟೆಗಾಗಿ. ಫೋನ್ ಮಾಡಿದವನು ಅಟ್ಲಾಂಟಾ ತಂಡದ ಒಬ್ಬ ಕೋಚ್‌ನ ಮಗ. ತಂದೆಯ ಐಪ್ಯಾಡಿನಿಂದ ನಂಬರ್ ತಗೊಂಡಿದ್ದ. ಲೀಗಿನವರು ನಕ್ಕು ಸುಮ್ಮನಾಗಲಿಲ್ಲ. ತಂಡಕ್ಕೆ 2.5 ಲಕ್ಷ ಡಾಲರ್, ಕೋಚ್‌ಗೆ 1 ಲಕ್ಷ ಡಾಲರ್ ದಂಡ ಹಾಕಿದರು.

ಹಿಂದೆ ಬಿದ್ದವನನ್ನು ಗೇಲಿ ಮಾಡಿದ ಕರೆಗೆ ದಾರಿಯಾದ ತಪ್ಪಿಗೆ ಅಲ್ಲಿ ಬೆಲೆ ಕಟ್ಟಿದರು. ನಗುವ ಮುಖ ಹಾಕಿ ಬರೆದ ನನಗೆ ದಂಡ ಹಾಕುವವರು ಯಾರಿದ್ದಾರೆ?

ಅದೇ ಡ್ರಾಫ್ಟಿನಲ್ಲಿ 2000ನೇ ಇಸವಿಯಲ್ಲಿ 199ನೆಯವನಾಗಿ ಹೋದವನು ಟಾಮ್ ಬ್ರಾಡಿ. ಆಮೇಲೆ ಅವನು ಏಳು ಸಲ ಚಾಂಪಿಯನ್ ಆದ.

ನಮ್ಮ ಹೆಸರಿನ ತಂಡದ ನಾಯಕ

ನಮ್ಮ ಜಿಲ್ಲೆಯ ಹೆಸರಿಟ್ಟುಕೊಂಡ ತಂಡ ಗುಲ್ಬರ್ಗಾ ಮಿಸ್ಟಿಕ್ಸ್. 2022ರಲ್ಲಿ ಮೊದಲ ಮಹಾರಾಜ ಟ್ರೋಫಿ ಗೆದ್ದದ್ದು ಅದೇ. ಪಂದ್ಯಗಳು ಮೈಸೂರು, ಬೆಂಗಳೂರಿನಲ್ಲಿ ನಡೆದವು, ನಾವು ಮೊಬೈಲಿನಲ್ಲಿ ನೋಡಿದೆವು, ಆ ಮಾತು ಬೇರೆ. ಆಗ ನಾಯಕ ಮನೀಶ್ ಪಾಂಡೆ.

ಐಪಿಎಲ್‌ನಲ್ಲಿ ಶತಕ ಹೊಡೆದ ಮೊದಲ ಭಾರತೀಯ ಅವರು. 2009ರಲ್ಲಿ ದಕ್ಷಿಣ ಆಫ್ರಿಕಾದ ಸೆಂಚುರಿಯನ್‌ನಲ್ಲಿ ಆರ್‌ಸಿಬಿ ಪರ 114 ಹೊಡೆದು ಔಟಾಗದೆ ಉಳಿದರು. 2014ರ ಫೈನಲ್‌ನಲ್ಲಿ 94 ಹೊಡೆದು ಕೋಲ್ಕತ್ತಾವನ್ನು ಗೆಲ್ಲಿಸಿದರು. ಅವರ ಹರಾಜಿನ ಬೆಲೆ ಹೀಗೆ ನಡೆಯಿತು: 2018ರಲ್ಲಿ 11 ಕೋಟಿ, 2022ರಲ್ಲಿ 4.6 ಕೋಟಿ, 2023ಕ್ಕೆ 2.4 ಕೋಟಿ, 2024ಕ್ಕೆ 50 ಲಕ್ಷ.

ಇಲ್ಲಿ ಕೊಳ್ಳುವವರದ್ದು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ವಯಸ್ಸು ಆಗುತ್ತದೆ. ಆಟದ ವೇಗ ಬದಲಾಗುತ್ತದೆ. ಹದಿನೈದು ವರ್ಷ ಹಿಂದೆ ಸಾಕಾಗಿದ್ದ ವೇಗ ಈಗ ಸಾಕಾಗುವುದಿಲ್ಲ. ಪಡಿಕ್ಕಲ್ ಅವರ 38 ರನ್ನೂ ಸುಳ್ಳಲ್ಲ. ಹಿಂದೆ ಬೀಳುವುದರಲ್ಲಿ ಒಮ್ಮೊಮ್ಮೆ ಆಟಗಾರ ಕೇಳಿಸಿಕೊಳ್ಳಬೇಕಾದ ಮಾತೂ ಇರುತ್ತದೆ. ನಮ್ಮ ಊರಿನ ಹುಡುಗ ಅಂಪೈರ್ ಎದುರು ಕೂಗಾಡಿದ್ದು ಖರೇ. ಅದನ್ನು ಅವನು ತಿದ್ದಿಕೊಳ್ಳಬೇಕು. ಆದರೆ ಯಾರಾದರೂ ಹೇಳಿದರೆ ತಾನೇ ತಿದ್ದಿಕೊಳ್ಳುವುದು? “ಅನ್‌ಸೋಲ್ಡ್” ಅಂತ ಕೂಗಿದರೆ ಅವನಿಗೆ ಕೇಳಿಸುವುದು ಒಂದೇ ಮಾತು: ನೀನು ಯಾರಿಗೂ ಬೇಡ. ಯಾವುದಕ್ಕೆ ಬೇಡ ಎಂಬುದು ಕೇಳಿಸುವುದೇ ಇಲ್ಲ.

ತಿದ್ದಿಕೊಂಡು, ಕಾದು ಬಂದವರು ಕರುಣ್ ನಾಯರ್. 2016ರ ಡಿಸೆಂಬರ್‌ನಲ್ಲಿ ಚೆನ್ನೈ ಟೆಸ್ಟಿನಲ್ಲಿ ಇಂಗ್ಲೆಂಡ್ ಮೇಲೆ 303 ಹೊಡೆದವರು. ಮುಂದಿನ ವರ್ಷವೇ ಭಾರತ ತಂಡದಿಂದ ಹೊರಗೆ. ಆಮೇಲೆ ಕರ್ನಾಟಕ ತಂಡದಲ್ಲೂ ಜಾಗ ಹೋಯಿತು. 2022ರ ಡಿಸೆಂಬರ್‌ನಲ್ಲಿ, ಇನ್ನೊಂದು ಅವಕಾಶ ಕೊಡು ಅಂತ ಕ್ರಿಕೆಟ್ ಆಟವನ್ನೇ ಕೇಳಿ ಒಂದು ಸಾಲು ಟ್ವೀಟ್ ಮಾಡಿದರು. 2023ರಲ್ಲಿ ವಿದರ್ಭಕ್ಕೆ ಹೋಗಿ ಆಡಿದರು. ಜೆಡ್ಡಾ ಹರಾಜಿನಲ್ಲಿ ದೆಹಲಿ ಅವರನ್ನು 50 ಲಕ್ಷಕ್ಕೆ ತಗೊಂಡಿತು. ಅದಾದ ಒಂದೆರಡು ತಿಂಗಳಲ್ಲೇ ವಿಜಯ್ ಹಜಾರೆ ಟ್ರೋಫಿಯಲ್ಲಿ ಐದು ಶತಕ, 779 ರನ್. ಆ ಇನಿಂಗ್ಸ್‌ಗಳು ಎರಡು ತಿಂಗಳು ಮೊದಲು ಬಂದಿದ್ದರೆ ಬೆಲೆ ಎಷ್ಟಾಗುತ್ತಿತ್ತೋ! ರಣಜಿ ಫೈನಲ್‌ನಲ್ಲೂ ಶತಕ ಹೊಡೆದರು, ವಿದರ್ಭ ಕಪ್ ಗೆದ್ದಿತು. 2025ರ ಏಪ್ರಿಲ್‌ನಲ್ಲಿ ಮುಂಬೈ ಮೇಲೆ 40 ಎಸೆತಕ್ಕೆ 89. ಜೂನ್‌ನಲ್ಲಿ ಮತ್ತೆ ಭಾರತ ತಂಡದ ಬಿಳಿ ಅಂಗಿ.

ಎಲ್ಲರೂ ಕರುಣ್ ನಾಯರ್ ಆಗುವುದಿಲ್ಲ. ಹಾಗಂತ ಹೇಳಿದರೆ ಸುಳ್ಳಾಗುತ್ತದೆ. ಜೆಡ್ಡಾ ಹರಾಜಿಗೆ ಹೆಸರು ಕೊಟ್ಟವರು 1,574 ಮಂದಿ. ಪಟ್ಟಿಗೆ ಬಂದವರು 570ಕ್ಕೂ ಸ್ವಲ್ಪ ಹೆಚ್ಚು. ಹೋದವರು 182. ಉಳಿದವರೆಲ್ಲ ತಮ್ಮ ತಮ್ಮ ಊರಿನಲ್ಲಿ ನಮ್ಮ ಹುಡುಗನಂತೆ ಹೀರೋಗಳೇ.

ತಂದೆ ತಾಯಂದಿರಿಗೆ ಒಂದು ಮಾತು

ಅದೇ ಹರಾಜಿನಲ್ಲಿ ಬಿಹಾರದ 13 ವರ್ಷದ ವೈಭವ್ ಸೂರ್ಯವಂಶಿಗೆ ರಾಜಸ್ಥಾನ 1.10 ಕೋಟಿ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಅವನು 35 ಎಸೆತಕ್ಕೆ ಶತಕ ಹೊಡೆದ. ಅದಾದ ಮೇಲೆ ನಮ್ಮ ಕಡೆ ಎಷ್ಟೋ ಮಂದಿ ತಂದೆಯರು ಮಕ್ಕಳಿಗೆ ಕಿಟ್ ಕೊಡಿಸಿದರು. ಕೊಡಿಸಲಿ, ತಪ್ಪೇನಿಲ್ಲ. ಆದರೆ ಹರಾಜನ್ನು ನಂಬಿ ಪರೀಕ್ಷೆ ಬಿಡಿಸಬೇಡಿ, ಹೊಲ ಒತ್ತೆ ಇಡಬೇಡಿ. ಹರಾಜಿನಲ್ಲಿ ಹುಡುಗನ ಕೈಯಲ್ಲಿರುವುದು ಅವನ ಆಟ ಒಂದೇ. ಯಾವ ತಂಡಕ್ಕೆ ಏನು ಬೇಕು, ಹೆಸರು ಎಷ್ಟನೆಯದಾಗಿ ಬರುತ್ತದೆ, ಆ ಹೊತ್ತಿಗೆ ಯಾರ ಕೈಯಲ್ಲಿ ಎಷ್ಟು ಉಳಿದಿರುತ್ತದೆ, ಯಾರು ಯಾರ ಕಿವಿಯಲ್ಲಿ ಏನು ಹೇಳಿರುತ್ತಾರೆ, ಇವು ಯಾವುವೂ ಅವನ ಕೈಯಲ್ಲಿಲ್ಲ. ಪಿಯುಸಿ ಪರೀಕ್ಷೆ ಇದ್ದುದರಲ್ಲಿ ಅವನ ಕೈಯಲ್ಲಿರುವಂಥದ್ದು.

ಟೂರ್ನಮೆಂಟ್ ಮಾಡುವವರಿಗೆ ನಾಲ್ಕು ಮಾತು

ಹರಾಜೇ ಬೇಡ ಅಂತ ನಾನು ಹೇಳುವುದಿಲ್ಲ. ಊರಿಗೆ ಕಳೆ ಬರುತ್ತದೆ, ಮಂದಿ ಸೇರುತ್ತಾರೆ, ರೊಕ್ಕ ಕೂಡುತ್ತದೆ. ಬೆಂಗಳೂರಿನ ದೊಡ್ಡ ಆಟಗಾರರು ಕೋಟಿ ತಗೊಂಡು ಆ ನೋವನ್ನೂ ತಗೊಳ್ಳುತ್ತಾರೆ. ಅದು ಅವರ ಉದ್ಯೋಗ. ನಮ್ಮ ಹುಡುಗರು 200 ರೂಪಾಯಿ ನೋಂದಣಿ ತಾವೇ ಕೊಟ್ಟು ಬರುತ್ತಾರೆ. ಅವರಿಗೆ ಆ ನೋವು ಪುಕ್ಕಟೆ. ಅದಕ್ಕೆ ಇಷ್ಟು ಮಾಡೋಣ.

ಒಂದು, 18 ವರ್ಷದ ಒಳಗಿನ ಹುಡುಗರ ಹೆಸರನ್ನು ಹರಾಜಿಗೆ ಇಡುವುದು ಬೇಡ. ಅವರಿಗೆ ಅಮೆರಿಕದವರಂತೆ ಸರದಿ ಇಡಿ. ಎಂಟು ಟೀಮು ಸರದಿಯಂತೆ ಒಬ್ಬೊಬ್ಬರನ್ನು ಆರಿಸಲಿ. ಹೋದ ವರ್ಷ ಕೊನೆಗೆ ಬಂದ ಟೀಮಿಗೆ ಮೊದಲ ಸರದಿ. ಇದನ್ನು ಮೈಕ್ ಇಲ್ಲದೆ, ಬಾಗಿಲು ಹಾಕಿದ ಕೋಣೆಯಲ್ಲಿ ಮಾಡಿ. ಯಾರು ಮೊದಲು ಹೋದ, ಯಾರು ಕೊನೆಗೆ ಹೋದ ಎಂಬುದು ಹೊರಗೆ ಬರಬೇಕಾಗಿಲ್ಲ. ಯಾವ ಟೀಮಿಗೆ ಯಾರು ಎಂಬ ಪಟ್ಟಿ ಬಂದರೆ ಸಾಕು.

ಎರಡು, ದೊಡ್ಡವರ ಹರಾಜಿನಲ್ಲೂ “ಅನ್‌ಸೋಲ್ಡ್” ಅಂತ ಕೂಗಬೇಡಿ. “ಮುಂದಿನ ಸುತ್ತಿಗೆ” ಅನ್ನಿ. ಖರೇ ಹೇಳಬೇಕೆಂದರೆ ಆಗುವುದೂ ಅದೇ.

ಮೂರು, ಯಾರಿಗಾದರೂ ಗಾಯ, ಊರು ಬಿಡುವುದು, ನಡತೆ ಅಂತ ಅನುಮಾನ ಇದ್ದರೆ ಹರಾಜಿಗೆ ಮೊದಲು ಹುಡುಗನನ್ನೇ ಕರೆದು ಕೇಳಿ. ಅರ್ಧ ಗಂಟೆಯ ಕೆಲಸ. ನಮ್ಮ ಹುಡುಗನ ವಿಷಯದಲ್ಲಿ ಒಬ್ಬರು ಕೇಳಿದ್ದರೂ ಐದರಲ್ಲಿ ಎರಡು ಕಾರಣ ಅಲ್ಲೇ ಬಿದ್ದುಹೋಗುತ್ತಿದ್ದವು.

ನಾಲ್ಕು, ನಮ್ಮಂಥ ಬರೆಯುವವರಿಗೆ. ಯಾರಿಗೆ ಎಷ್ಟು ಬಂತು ಬರೆಯೋಣ. ಯಾರಿಗೆ ಬರಲಿಲ್ಲ ಎಂಬುದನ್ನು ಹುಡುಗನ ಹೆಸರು ಹಾಕಿ, ನಗುವ ಮುಖ ಹಾಕಿ ಬರೆಯುವುದು ಬೇಡ. ಡಿಪ್ಲೊಮಾ ಓದುವಾಗ, ಸುದ್ದಿಯಲ್ಲಿ ಮಕ್ಕಳ ಹೆಸರಿನ ಬಗ್ಗೆ ಎಚ್ಚರ ಇರಲಿ ಅಂತ ನಮಗೆ ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ನಾನು ಅದಕ್ಕೆ ಅಂಕವನ್ನೂ ತಗೊಂಡಿದ್ದೆ.

ಅಕ್ಕನಿಗೆ ಉತ್ತರ

ಆ ಪೋಸ್ಟನ್ನು ಅಳಿಸಿದ್ದೇನೆ. ಸ್ಕ್ರೀನ್‌ಶಾಟ್ ಯಾರ ಯಾರ ಮೊಬೈಲಿನಲ್ಲಿ ಇವೆಯೋ ಅವು ಹೋಗುವುದಿಲ್ಲ. ಹೋದ ವಾರ ಮನೆಗೆ ಹೋಗಿ ಹುಡುಗನ ಎದುರು ಕೂತು ತಪ್ಪಾಯಿತು ಅಂದೆ. ಅವನು ಪುಸ್ತಕದಿಂದ ಮುಖ ಎತ್ತಲಿಲ್ಲ. ಹೊರಡುವಾಗ ಮಾತ್ರ ಕೇಳಿದ, “ಆರು ಮಂದಿ ಏನಂದ್ರು ಅಣ್ಣಾ?”

ಐದೂ ಕಾರಣ ಹೇಳಿದೆ, ಒಂದನ್ನೂ ಬಿಡದೆ. ಕೀಪರ್ ಇದ್ದದ್ದು, ಚೀಟಿ ಮೊದಲೇ ಬಂದದ್ದು, ಮೊಣಕಾಲು, ಪುಣೆ, ಅಂಪೈರ್ ಜಗಳ. ಸುಮ್ಮನೆ ಕೇಳಿದ. ಕೊನೆಗೆ, “ಅಂಪೈರ್‌ದು ಖರೇ ಅದ” ಅಂದ.

ಅಕ್ಕಾ, ನೀವು ಆ ದಿನ ಕೇಳಿದ್ದಕ್ಕೆ ಈಗ ಹೇಳುತ್ತೇನೆ. ಅನ್‌ಸೋಲ್ಡ್ ಅಂದರೆ, ಆ ಹೊತ್ತಿಗೆ, ಆ ಶಾಮಿಯಾನದ ಕೆಳಗೆ, ಎಂಟು ಮಂದಿಯಲ್ಲಿ ಯಾರೂ ಕೈ ಎತ್ತಲಿಲ್ಲ ಅಂತ. ಅಷ್ಟೇ ಅರ್ಥ. ನಿಮ್ಮ ಮಗ ತಿದ್ದಿಕೊಳ್ಳಬೇಕಾದದ್ದು ಒಂದಿದೆ, ಅದು ಅವನಿಗೆ ಗೊತ್ತಾಗಿದೆ. ಉಳಿದ ನಾಲ್ಕು ಅವನ ತಪ್ಪಲ್ಲ. ಅವನದಕ್ಕಿಂತ ದೊಡ್ಡ ತಪ್ಪು ಒಂದಿತ್ತು, ಅದು ನನ್ನದು.

ಪರೀಕ್ಷೆ ಮುಗಿಯಲಿ. ಟೂರ್ನಮೆಂಟ್ ಆಮೇಲಿದೆ. 100 ಪಾಯಿಂಟಿಗೆ ತಗೊಂಡ ಟೀಮಿಗೆ ಕೀಪರ್ ಬೇರೆ ಯಾರೂ ಇಲ್ಲ.